ಆಟಕ್ಕೊಂದು ವಯಸ್ಸಿನ ಮುದ್ರೆ

ಚಲನಚಿತ್ರವು ಆರಂಭವಾಗುವುದಕ್ಕೆ ಮುನ್ನ ತೆರೆಯ ಮೇಲೆ ಮೂಡುವ ಪ್ರಮಾಣಪತ್ರವನ್ನು ವಾಚಕರೆಲ್ಲರೂ ಬಲ್ಲರು. ಅದರಲ್ಲಿ ‘ಎ’ ಎಂಬ ಅಕ್ಷರವಿದ್ದರೆ ಚಿತ್ರವು ವಯಸ್ಕರಿಗೆ ಮಾತ್ರ ಮೀಸಲು. ಆಸ್ಟ್ರೇಲಿಯದಲ್ಲಿ ವಿಡಿಯೊ ಆಟಗಳಿಗೂ ಇಂತಹುದೇ ಮುದ್ರೆಯುಂಟು. 1995ರ ವರ್ಗೀಕರಣ ಕಾಯಿದೆಯು ಅದಕ್ಕೆ ಆಧಾರ. ಈ ಮುದ್ರೆಯು ಏನನ್ನು ಅಳೆಯಬಲ್ಲುದು, ಏನನ್ನು ಅಳೆಯಲಾರದು ಎಂಬುದನ್ನು ವಿಚಾರ ಮಾಡೋಣ.

ಚಿತ್ರವೊಂದನ್ನು ಎರಡೂವರೆ ಗಂಟೆ ಕುಳಿತು ನೋಡಿದರೆ ಪರೀಕ್ಷಕರ ಕೆಲಸ ತೀರಿತು. ಯಾರು ನೋಡಿದರೂ ಅದು ಬದಲಾಗದು. ಆಟವಾದರೋ ಆಡುವವನ ಬೆರಳಿನ ಅಪ್ಪಣೆಗೆ ತಕ್ಕಂತೆ ಕವಲೊಡೆಯುತ್ತದೆ. ಆದರೂ ಬಹುಕಾಲ ಮುದ್ರೆಯನ್ನು ನಿರ್ಧರಿಸಿದುದು ತೆರೆಯ ಮೇಲೆ ಕಾಣುವ ಹಿಂಸೆ, ಮಾದಕವಸ್ತು, ಕೆಟ್ಟ ಮಾತು ಮೊದಲಾದುವೇ. ಅದರಲ್ಲಿಯೂ ಒಂದು ವಿಚಿತ್ರವಿತ್ತು. ವಯಸ್ಕರ ಆಟಗಳಿಗೆಂದು ಪ್ರತ್ಯೇಕ ಮುದ್ರೆಯೇ ಇರಲಿಲ್ಲ. 15 ವರ್ಷದ್ದೇ ಕಟ್ಟಕಡೆಯದು. ಅದಕ್ಕೆ ಹೊಂದದ ಆಟವು ನಿಷಿದ್ಧವಾಗುತ್ತಿತ್ತು. 2008ರಲ್ಲಿ ‘ಫಾಲ್‌ಔಟ್ 3’ ಎಂಬ ಆಟವು ಮಾರ್ಫಿನ್ ಬಳಕೆಯ ಕಾರಣದಿಂದ ತಿರಸ್ಕೃತವಾಯಿತು. ತಯಾರಕರು ಆ ಔಷಧದ ಹೆಸರನ್ನು ‘ಮೆಡ್-ಎಕ್ಸ್’ ಎಂದು ಬದಲಿಸಿದರು. ಪರಿಷ್ಕೃತ ಆಟಕ್ಕೆ 15ರ ಮುದ್ರೆ ದೊರೆಯಿತು! ಕೊನೆಗೆ 2013ರ ಜನವರಿ 1ರಿಂದ 18 ವರ್ಷದ ಮುದ್ರೆ ಜಾರಿಗೆ ಬಂದಿತು.

ಆದರೆ ಕಣ್ಣಿಗೆ ಕಾಣದ ಅಪಾಯವೊಂದು ಉಳಿದಿತ್ತು. ಅನೇಕ ಆಟಗಳಲ್ಲಿ ‘ಲೂಟ್ ಬಾಕ್ಸ್’ ಎಂಬ ಮುಚ್ಚಿದ ಪೆಟ್ಟಿಗೆಗಳನ್ನು ನಿಜವಾದ ಹಣಕ್ಕೆ ಮಾರುತ್ತಾರೆ. ಒಳಗೇನಿದೆ ಎಂಬುದು ತೆರೆದ ಮೇಲೆಯೇ ತಿಳಿಯುವುದು. ನೋಟಕ್ಕೆ ಅದು ಜಾತ್ರೆಯ ಬಣ್ಣದ ಡಬ್ಬಿಯಂತೆ ನಿರಪಾಯಕರ. ಹುಡುಗನು ಬಯಸುವ ಕತ್ತಿಯು ನೂರು ಪೆಟ್ಟಿಗೆಗಳಿಗೆ ಒಂದರಂತೆ ದೊರೆಯುವುದೆಂದು ಭಾವಿಸೋಣ. ನೂರು ಪೆಟ್ಟಿಗೆ ಕೊಂಡರೆ ಸಿಕ್ಕೇ ಸಿಗುವುದೆಂದು ಅವನು ನಂಬುತ್ತಾನೆ. ಲೆಕ್ಕವು ಬೇರೆಯೇ ಹೇಳುತ್ತದೆ. ಒಂದು ಪೆಟ್ಟಿಗೆಯಲ್ಲಿ ಕತ್ತಿ ಇಲ್ಲದಿರುವ ಸಂಭಾವ್ಯತೆ 0.99, ನೂರರಲ್ಲಿಯೂ ಇಲ್ಲದಿರುವುದು 0.99ನ್ನು ನೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.37. ನೂರು ಮಕ್ಕಳು ತಲಾ ನೂರು ಪೆಟ್ಟಿಗೆ ಕೊಂಡರೆ ಅವರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಉಳಿಯುವರು. ತಲಾ 300 ಕೊಂಡರೂ ಸುಮಾರು ಐವರಿಗೆ ಕತ್ತಿ ದೊರೆಯದು. ಇಷ್ಟು ಸೋತ ಮೇಲೆ ಇನ್ನೇನು ಬಂದೇ ಬರುವುದೆಂಬ ಆಸೆಯೂ ಹುರುಳಿಲ್ಲದ್ದು, ಪೆಟ್ಟಿಗೆಗೆ ನೆನಪೆಂಬುದಿಲ್ಲ. (ಇಂತಿಷ್ಟು ಸೋಲುಗಳ ಬಳಿಕ ವಸ್ತು ಖಂಡಿತವೆಂಬ ಏರ್ಪಾಡನ್ನು ಕೆಲವು ತಯಾರಕರು ಮಾಡಿರುವುದುಂಟು.)

2024ರ ಸೆಪ್ಟೆಂಬರ್ 22ರಿಂದ ಆಸ್ಟ್ರೇಲಿಯವು ಇದನ್ನೂ ಮುದ್ರೆಯ ವ್ಯಾಪ್ತಿಗೆ ತಂದಿತು. ಜೂಜನ್ನು ಅನುಕರಿಸುವ ಹೊಸ ಆಟಗಳಿಗೆ 18ರ ಮುದ್ರೆ. ಹಣ ತೆತ್ತು ಅದೃಷ್ಟ ಪರೀಕ್ಷಿಸುವ ಪೆಟ್ಟಿಗೆಗಳುಳ್ಳವಕ್ಕೆ ಕನಿಷ್ಠ ಪಕ್ಷ ‘ಎಂ’ ಮುದ್ರೆ. ಆದರೆ ‘ಎಂ’ ಎಂಬುದು 15 ವರ್ಷದೊಳಗಿನವರಿಗೆ ತಕ್ಕುದಲ್ಲವೆಂಬ ಸಲಹೆಯೇ ಹೊರತು ನಿರ್ಬಂಧವಲ್ಲ. ಹತ್ತು ವರ್ಷದ ಬಾಲಕನು ಅದನ್ನು ಕೊಂಡರೆ ಕಾಯಿದೆಯು ತಡೆಯದು. ಎರಡೂ ಒಂದೇ ಬಗೆಯ ಆಕಸ್ಮಿಕವಾಗಿರುವಾಗ, ಹಣವಿಲ್ಲದ ಸೋಗಿನ ಜೂಜಿಗೆ ಕಠಿಣ ಮುದ್ರೆ, ನಿಜವಾದ ಹಣ ಹೋಗುವ ಪೆಟ್ಟಿಗೆಗೆ ಮೃದು ಮುದ್ರೆ ಏಕೆಂಬುದು ನಮಗೆ ಅರ್ಥವಾಗುವುದಿಲ್ಲ.

ಮುದ್ರೆಯ ಜೊತೆಗೆ ಇಂತಹ ಖರೀದಿಯುಂಟೆಂಬ ಸೂಚನೆಯನ್ನೂ ಕೊಡುತ್ತಾರೆ. ಸಂಭಾವ್ಯತೆಯ ಅಂಕಿಯನ್ನು ಮಾತ್ರ ಕೊಡುವುದಿಲ್ಲ. ಚೀನಾ ದೇಶವು ಆ ಅಂಕಿಯನ್ನು ತಯಾರಕರು ಪ್ರಕಟಿಸಬೇಕೆಂದು 2017ರಲ್ಲಿಯೇ ವಿಧಿಸಿತು. ನಮಗಂತೂ ಮುದ್ರೆಗಿಂತ ಆ ಅಂಕಿಯೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ, 0.99ನ್ನು ಮತ್ತೆ ಮತ್ತೆ ಗುಣಿಸಿ ನೋಡಲು ಹನ್ನೆರಡು ವರ್ಷದ ಹುಡುಗನಿಗೂ ಬರುತ್ತದೆ.