ಥಿನ್ನರ್ ಆಯ್ಕೆ: ಅಗ್ಗದ ಖರೀದಿಯ ನಿಜವಾದ ಲೆಕ್ಕ

ಸಣ್ಣ ಉದ್ದಿಮೆಗಳ ಲೆಕ್ಕಪುಸ್ತಕಗಳಲ್ಲಿ ಬಣ್ಣಕ್ಕೆ ದೊರೆಯುವ ಗಮನ ಥಿನ್ನರಿಗೆ ದೊರೆಯುವುದಿಲ್ಲ. 'ಇತರೆ ಸಾಮಗ್ರಿ' ಎಂಬ ಶೀರ್ಷಿಕೆಯಡಿ ಅದು ಮರೆಯಾಗುತ್ತದೆ. ಭೇರ್ಯದ ಕಡೆಯ ನನ್ನ ಕಕ್ಷಿದಾರರೊಬ್ಬರು ಕಟ್ಟಡ ಹಾಗೂ ವಾಹನಗಳ ಪ್ಲಾಸ್ಟಿಕ್ ಮಾದರಿಗಳನ್ನು ತಯಾರಿಸುತ್ತಿದ್ದರು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣಕ್ಕೆ ಅವರು ಒಮ್ಮೆ ಮರಗೆಲಸದ ಎನ್.ಸಿ. ಥಿನ್ನರ್ ಬೆರೆಸಿದರು. ಬಣ್ಣ ಹಾಲಿನಂತೆ ಒಡೆಯಿತು. ಅದೇ ಥಿನ್ನರಿನಿಂದ ಒರೆಸಲು ಹೋದಾಗ ಮಾದರಿಯ ಮೇಲ್ಮೈಯೇ ಕರಗಿತು.

ಅಕ್ರಿಲಿಕ್ ಎಂಬ ಹೆಸರು ಒಂದೇ ಆದರೂ ಬಗೆಗಳು ಬೇರೆ. ವಾಲೆಹೋದಂತಹ ಜಲಾಧಾರಿತ ಬಣ್ಣಗಳಿಗೆ ಶುದ್ಧೀಕರಿಸಿದ ನೀರು ಅಥವಾ ತಯಾರಕರದೇ ಥಿನ್ನರ್ ಸೂಕ್ತ. ಇವುಗಳಿಗೆ ಆಲ್ಕೋಹಾಲ್ ಬೆರೆಸಿದರೆ ಗಂಟುಕಟ್ಟುವ ಸಂಭವವುಂಟು. ಜಪಾನಿನ ತಾಮಿಯಾ ಅಕ್ರಿಲಿಕ್ ಆಲ್ಕೋಹಾಲಿನಲ್ಲಿ ಬೆರೆಯುವಂಥದು. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹೊಂದುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಬಳಸದಿರುವುದು ಲೇಸು. ನೀರು ಮಿತಿಮೀರಿದರೆ ಅಂಟಿನ ಅಂಶ ತೆಳುವಾಗಿ ಬಣ್ಣ ಉದುರುತ್ತದೆ. ಏರ್‌ಬ್ರಷ್‌ಗೆ ಬಣ್ಣ ಹಾಲಿನಷ್ಟು ತೆಳುವಾಗಿದ್ದರೆ ಸಾಕು.

ನಮ್ಮ ನಾಡಿಗೆ ಈ ವಿಚಾರ ಹೊಸದೇನಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದಲೇ ಬಣ್ಣ ಹತ್ತಿಸುತ್ತಾರೆ. ಅಲ್ಲಿ ಥಿನ್ನರಿನ ಅಗತ್ಯವೇ ಇಲ್ಲ. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಮೈಸೂರಿನಲ್ಲಿ ಆರಂಭಗೊಂಡ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆಯು 1962ರಿಂದ ಚುನಾವಣೆಗೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ವಸ್ತುವಿಗೂ ದ್ರಾವಕಕ್ಕೂ ಹೊಂದಾಣಿಕೆ ಇರಬೇಕೆಂಬುದೇ ಇಂತಹ ಉದ್ದಿಮೆಗಳ ಮೂಲಪಾಠ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, 100 ಮಾದರಿಗಳ ಒಂದು ಆದೇಶದಲ್ಲಿ ಅಗ್ಗದ ಥಿನ್ನರಿನಿಂದ 400 ರೂ. ಉಳಿಯಿತೆನ್ನೋಣ. ತಲಾ 350 ರೂ. ವೆಚ್ಚದ 8 ಮಾದರಿಗಳು ತಿರಸ್ಕೃತವಾದರೆ ನಷ್ಟ 2,800 ರೂ.; ನಿವ್ವಳ ಹಾನಿ 2,400 ರೂ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಅಸಹಜ ವ್ಯರ್ಥವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಅದನ್ನು ಆ ವರ್ಷದ ಖರ್ಚಾಗಿಯೇ ತೋರಿಸಬೇಕು. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)(ಎಚ್) ಅನ್ವಯ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಹೀಗೆ ನಷ್ಟದ ಮೇಲೆ ನಷ್ಟ.

ಕಾರ್ಮಿಕರ ಆರೋಗ್ಯವನ್ನು ಯಾವ ಆಯವ್ಯಯ ಪಟ್ಟಿಯೂ ತೋರಿಸದು. ಥಿನ್ನರ್ ಹಾಗೂ ಆಲ್ಕೋಹಾಲಿನ ಆವಿಗೆ ಸುಲಭವಾಗಿ ಬೆಂಕಿ ಹತ್ತುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದನ್ನು ಉಸಿರಾಡುವುದೂ ಅಪಾಯಕಾರಿ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ, ಡಬ್ಬಿಯ ಮೇಲೆ ಹೆಸರಿರಲಿ.

ಆದ್ದರಿಂದ ಸದಸ್ಯ ಬಾಂಧವರು ಮೂರು ನಿಯಮಗಳನ್ನು ಪಾಲಿಸುವುದೊಳಿತು: ಬಣ್ಣದ ಡಬ್ಬಿಯ ಸೂಚನೆಯನ್ನು ಓದುವುದು, ಅದೇ ಪ್ಲಾಸ್ಟಿಕ್ಕಿನ ತುಣುಕಿನ ಮೇಲೆ ಮೊದಲು ಪರೀಕ್ಷಿಸುವುದು, ಥಿನ್ನರಿಗೆ ಪ್ರತ್ಯೇಕ ದಾಸ್ತಾನು ಖಾತೆ ಇಡುವುದು. ನನ್ನ ಕಕ್ಷಿದಾರರು ಇಂದು ಈ ಮೂರನ್ನೂ ಪಾಲಿಸುತ್ತಿದ್ದಾರೆ. ಅವರ ಪುಸ್ತಕದಲ್ಲಿ ಥಿನ್ನರಿಗೆ ಈಗ ಸ್ವಂತ ಪುಟವಿದೆ.