ದೂರದ ಪರದೆ

ಒಂದೆಡೆ ಕುಳಿತು ಮತ್ತೊಂದೆಡೆಯ ಕೆಲಸವನ್ನು ನಡೆಸಬೇಕೆಂಬ ಹಂಬಲ ಮಾನವನಿಗೆ ಹೊಸದಲ್ಲ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಮರೆಯಲ್ಲಿ ನಿಂತ ಸೂತ್ರಧಾರನ ಬೆರಳು ಆಡಿದಂತೆ ಗೊಂಬೆ ಕುಣಿಯುತ್ತದೆ. ಆದರೆ ದಾರ ಎಷ್ಟು ಉದ್ದವೋ ಅಷ್ಟೇ ಅವನ ಆಳ್ವಿಕೆ. ಗಣಕಯಂತ್ರಗಳ ಜಾಲವು ಈ ದಾರವನ್ನು ಭೂಮಂಡಲದಷ್ಟು ಉದ್ದವಾಗಿಸಿದೆ. ಬೆಂಗಳೂರಿನಲ್ಲಿ ಕುಳಿತ ತಂತ್ರಜ್ಞನು ಲಂಡನ್ನಿನ ಗಣಕಯಂತ್ರವೊಂದರ ಪರದೆಯನ್ನು ತನ್ನ ಪರದೆಯ ಮೇಲೆ ತರಿಸಿಕೊಂಡು, ಅದರ ದೋಷವನ್ನು ಇದ್ದಲ್ಲಿಂದಲೇ ತಿದ್ದಬಲ್ಲನು.

ಇಲ್ಲಿ ಒಂದು ತೊಡಕು ಉಂಟು. ಗಣಕಯಂತ್ರದ ಸಕಲ ಕಾರ್ಯಗಳನ್ನೂ ನಿರ್ವಹಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್ ಇವು ಅಂತಹ ವ್ಯವಸ್ಥೆಗಳು. ಒಂದಕ್ಕಾಗಿ ರಚಿಸಿದ ತಂತ್ರಾಂಶವು ಸಾಮಾನ್ಯವಾಗಿ ಇನ್ನೊಂದರಲ್ಲಿ ನಡೆಯದು. ಪರದೆಯ ಮೇಲೆ ಚಿತ್ರಗಳನ್ನು ಬಿಡಿಸುವ ರೀತಿಯೂ ಬೇರೆ ಬೇರೆ. ಹೀಗಿರುವಾಗ ಲಿನಕ್ಸ್ ಯಂತ್ರದ ಮುಂದೆ ಕುಳಿತವನು ವಿಂಡೋಸ್ ಯಂತ್ರದ ಪರದೆಯನ್ನು ಕಾಣುವುದು ಹೇಗೆ?

ಈ ದಿಕ್ಕಿನ ಪ್ರಯತ್ನಗಳು ಹಳೆಯವು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬರ್ಟ್ ಎಂಬ ಅಮೆರಿಕದ ಸಂಶೋಧಕನು ಸ್ಯಾನ್ ಫ್ರಾನ್ಸಿಸ್ಕೋದ ಸಭಾಂಗಣದಲ್ಲಿ ಕುಳಿತು, ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕ್‌ನಲ್ಲಿದ್ದ ಗಣಕಯಂತ್ರವನ್ನು ನಡೆಸಿ ತೋರಿಸಿದನು. 1984ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆ ರೂಪುಗೊಂಡಿತು. ಅದರಲ್ಲಿ ಒಂದು ಯಂತ್ರವು ‘ಇಲ್ಲಿ ಗೆರೆ ಎಳೆ, ಅಲ್ಲಿ ಅಕ್ಷರ ಬರೆ’ ಎಂಬಂತಹ ಆಜ್ಞೆಗಳನ್ನು ಕಳುಹಿಸಿದರೆ, ಇನ್ನೊಂದು ಯಂತ್ರವು ಅದರಂತೆ ಚಿತ್ರ ಬಿಡಿಸುತ್ತದೆ. ಆದರೆ ಆ ಆಜ್ಞೆಗಳೆಲ್ಲವನ್ನೂ ಬಲ್ಲ ತಂತ್ರಾಂಶ ನೋಡುವವನ ಯಂತ್ರದಲ್ಲಿ ಇರಲೇಬೇಕು.

1990ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಒಲಿವೆಟ್ಟಿ ಸಂಶೋಧನಾಲಯದವರು ಇನ್ನೂ ಸರಳವಾದ ಉಪಾಯವನ್ನು ಕಂಡುಕೊಂಡರು. ಅದಕ್ಕೆ ವಿಎನ್‌ಸಿ ಎಂದು ಹೆಸರು. 1998ರಲ್ಲಿ ಅದರ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ನೀಡಲಾಯಿತು. ಕಾರ್ಯಾಚರಣಾ ವ್ಯವಸ್ಥೆ ಯಾವುದೇ ಇರಲಿ, ಪರದೆಯ ಮೇಲಿನ ಚಿತ್ರ ಕೊನೆಗೆ ಬಣ್ಣದ ಚುಕ್ಕೆಗಳ ಸಮೂಹವೇ ತಾನೆ? ಈ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ. ‘ಪರದೆಯ ಇಂತಹ ಸ್ಥಾನದಲ್ಲಿ ಈ ಚುಕ್ಕೆಗಳ ಆಯತವನ್ನು ಇರಿಸು’ ಎಂಬುದೊಂದೇ ಈ ವಿಧಾನದ ತಳಹದಿ. ಒಂದು ಆಯತವನ್ನು ಪರದೆಯ ಮೇಲೆ ತುಂಬುವುದು ಯಾವ ಯಂತ್ರಕ್ಕೂ ಕಷ್ಟವಲ್ಲ.

ಆದರೆ ಚುಕ್ಕೆಗಳ ಸಂಖ್ಯೆ ಅಪಾರ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳಾಗುತ್ತವೆ. ಒಂದೊಂದರ ಬಣ್ಣಕ್ಕೆ 3 ಬೈಟ್‌ಗಳೆಂದರೂ ಒಂದು ಚಿತ್ರಕ್ಕೆ 62,20,800 ಬೈಟ್‌ಗಳು ಬೇಕು. ಸೆಕೆಂಡಿಗೆ 25 ಬಾರಿ ಇದನ್ನು ಕಳುಹಿಸುವುದಾದರೆ 15 ಕೋಟಿ ಬೈಟ್‌ಗಳನ್ನು ಮೀರುತ್ತದೆ. ಆದುದರಿಂದ ಬದಲಾದ ಭಾಗವನ್ನು ಮಾತ್ರ ಕಳುಹಿಸುವುದು ರೂಢಿ. ಕಿಟಕಿಯೊಂದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದರೆ, ಚುಕ್ಕೆಗಳನ್ನು ಮತ್ತೆ ಕಳುಹಿಸದೆ ‘ಅಲ್ಲಿರುವುದನ್ನು ಇಲ್ಲಿ ನಕಲಿಸು’ ಎಂದರೆ ಸಾಕು. ನೋಡುವ ಯಂತ್ರವು ಕೇಳಿದಾಗ ಮಾತ್ರ ಹೊಸ ಚಿತ್ರ ಬರುವುದರಿಂದ, ನಿಧಾನವಾದ ಜಾಲದಲ್ಲಿಯೂ ಕೆಲಸ ಸಾಗುತ್ತದೆ.

ನೋಟ ಇತ್ತ ಬಂದಂತೆ ಆಜ್ಞೆ ಅತ್ತ ಹೋಗಬೇಕು. ನೋಡುವವನು ಒತ್ತಿದ ಕೀಲಿಯ ಸಂಖ್ಯೆ, ಮೌಸ್ ಇರುವ ಸ್ಥಾನ, ಅದರ ಗುಂಡಿಗಳ ಸ್ಥಿತಿ ಇವಿಷ್ಟೇ ಮರಳಿ ಪ್ರಯಾಣ ಮಾಡುತ್ತವೆ. ನಿಜವಾದ ಕೆಲಸವೆಲ್ಲ ದೂರದ ಯಂತ್ರದಲ್ಲಿಯೇ ನಡೆಯುತ್ತದೆ. ಆದುದರಿಂದ ನೋಡುವ ಯಂತ್ರ ನಡುವೆ ಕೆಟ್ಟರೂ ಕೆಲಸ ಕೆಡದು. ಬೇರೊಂದು ಯಂತ್ರದಿಂದ ಸಂಪರ್ಕಿಸಿದರೆ, ಅರ್ಧಕ್ಕೆ ನಿಂತ ವಾಕ್ಯವೂ ಇದ್ದಂತೆಯೇ ಎದುರಾಗುತ್ತದೆ.

ಇಷ್ಟು ಉಪಕಾರಿಯಾದ ವಿದ್ಯೆಯಲ್ಲಿ ಅಪಾಯವೂ ಅಡಗಿದೆ. ವಿಎನ್‌ಸಿಯ ಮೊದಲ ರೂಪದಲ್ಲಿ ಪ್ರವೇಶಕ್ಕೆ ಗುಪ್ತಪದವಿದ್ದರೂ, ಅನಂತರ ಹರಿಯುವ ಚಿತ್ರಗಳಿಗೂ ಕೀಲಿಯೊತ್ತುಗಳಿಗೂ ಗೂಢಲಿಪಿಯ ರಕ್ಷಣೆ ಇರಲಿಲ್ಲ. ಜಾಲದ ನಡುವೆ ಹೊಂಚುಹಾಕಿದವನು ಅವನ್ನು ಓದಬಹುದಾಗಿತ್ತು. ಫಿನ್ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ರಚಿಸಿದ ಎಸ್‌ಎಸ್‌ಎಚ್ ಎಂಬ ವಿಧಾನವು, ಇಂತಹ ಸಂಪರ್ಕವನ್ನು ಗೂಢಲಿಪಿಯ ಸುರಂಗದೊಳಗೆ ಸಾಗಿಸಲು ನೆರವಾಯಿತು.

ಆದರೆ ಮನೆಯೊಡೆಯನೇ ಬಾಗಿಲು ತೆರೆದುಕೊಟ್ಟರೆ ಬೀಗ ಏನು ಮಾಡೀತು? ಬ್ಯಾಂಕಿನವರೆಂದು ಹೇಳಿಕೊಂಡು ದೂರವಾಣಿಯಲ್ಲಿ ಮಾತನಾಡಿ, ಇಂತಹ ತಂತ್ರಾಂಶವನ್ನು ಮೊಬೈಲಿಗೆ ಹಾಕಿಸಿ, ಜನರ ಹಣವನ್ನು ಅಪಹರಿಸುವ ವಂಚಕರಿದ್ದಾರೆ. 2019ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಈ ಮೋಸದ ಬಗ್ಗೆ ಎಚ್ಚರಿಕೆ ನೀಡಿತು. ಪರದೆಯನ್ನು ಕಾಣುವವನಿಗೆ ಅದರ ಮೇಲೆ ಮೂಡುವ ಗುಪ್ತ ಸಂಖ್ಯೆಯೂ ಕಾಣುತ್ತದೆ. ಕೀಲಿಮಣೆಯನ್ನು ಪಡೆದವನಿಗೆ ನಮ್ಮ ಹೆಸರಿನಲ್ಲಿ ವ್ಯವಹರಿಸುವ ಶಕ್ತಿಯೂ ದೊರೆಯುತ್ತದೆ.

ಎರಡು ಗಣಕಯಂತ್ರಗಳು ಪರಸ್ಪರರ ಒಳಗುಟ್ಟನ್ನು ಅರಿಯದೆಯೂ ಕೂಡಿ ದುಡಿಯಬಲ್ಲವು. ಚುಕ್ಕೆಗಳ ಆಯತ, ಕೀಲಿಯ ಸಂಖ್ಯೆ ಇಂತಹ ಕೆಲವು ಒಪ್ಪಂದಗಳೇ ಅವಕ್ಕೆ ಸಾಕು. ಆದರೆ ಯಂತ್ರವನ್ನು ಪರರ ಕೈಗೊಪ್ಪಿಸುವ ಮನುಷ್ಯನಿಗೆ ಅಷ್ಟು ಸಾಲದು. ಸೂತ್ರವನ್ನು ಹಿಡಿದವರು ಯಾರು, ಅವರನ್ನು ಎಷ್ಟರಮಟ್ಟಿಗೆ ನಂಬಬಹುದು, ಬೇಕೆಂದಾಗ ಆ ಸೂತ್ರವನ್ನು ಕಡಿಯುವ ಬಗೆ ಹೇಗೆ ಎಂಬುದನ್ನು ಅವನು ಮೊದಲೇ ತಿಳಿದಿರಬೇಕು.