ಶರದೃತುವಿನ ಇರುಳಿನಲ್ಲಿ ಪತಂಗಗಳ ಪರಿಚಯ

ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಪರಿಸರದ ಹಿತ್ತಿಲುಗಳು ಮಳೆಯಿಂದ ಹಸಿರಾಗಿರುತ್ತವೆ. ಮನೆಯ ದೀಪಕ್ಕೆ ಮುತ್ತುವ ಪತಂಗಗಳೂ ಹೆಚ್ಚುತ್ತವೆ. ಇವನ್ನೆಲ್ಲ ನಾವು 'ದೀಪದ ಹುಳು' ಎಂಬ ಒಂದೇ ಹೆಸರಿನಿಂದ ಕರೆದು ಬೆಳಗ್ಗೆ ಗುಡಿಸಿ ಹಾಕುತ್ತೇವೆ. ಭಾರತದಲ್ಲಿ ಚಿಟ್ಟೆಗಳ ಪ್ರಭೇದಗಳು ಸುಮಾರು 1,300 ಇದ್ದರೆ, ಪತಂಗಗಳದ್ದು ಸುಮಾರು 10,000. ಇವುಗಳಲ್ಲಿ ಬೆಳೆಗೆ ಕಂಟಕವಾದವು ಕೆಲವೇ. ಯಾವುದು ಯಾವುದೆಂದು ಅರಿಯದೆ ಹಿತ್ತಿಲಿಗೆ ಔಷಧಿ ಸಿಂಪಡಿಸುವ ಮೊದಲು, ಮಕ್ಕಳೊಡನೆ ಒಂದು ಸಂಜೆ ಕುಳಿತು ನೋಡುವುದು ಒಳಿತು.

ಇದಕ್ಕೆ ಬೇಕಾದುದು ಬಿಳಿಯ ಪಂಚೆ, ಹಗ್ಗ ಮತ್ತು ಒಂದು ಬಲ್ಬು. ಪಂಚೆಯನ್ನು ಗೋಡೆಗೆ ಇಳಿಬಿಟ್ಟು ಎದುರಿನಲ್ಲಿ ದೀಪ ಹಚ್ಚಿದರೆ ಸಾಕು. ಹಳದಿ ಛಾಯೆಯ ಬೆಳಕಿಗಿಂತ ನೀಲಿ ಮಿಶ್ರಿತ ಬಿಳಿಯ ಬೆಳಕಿಗೆ ಹೆಚ್ಚು ಬರುತ್ತವೆ. ನೇರಳಾತೀತ ದೀಪಕ್ಕೆ ಇನ್ನೂ ಹೆಚ್ಚು, ಆದರೆ ಅದನ್ನು ಮಕ್ಕಳು ದಿಟ್ಟಿಸಿ ನೋಡಬಾರದು. ಗಾಳಿಯಿಲ್ಲದ, ಮೋಡ ಕವಿದ, ಬೆಚ್ಚಗಿನ ಇರುಳು ಶ್ರೇಷ್ಠ. ಅಮಾವಾಸ್ಯೆಯ ಆಸುಪಾಸು ಉತ್ತಮ, ಆದರೂ ದೀಪಾವಳಿಯ ದಿನ ಪಟಾಕಿಯ ಹೊಗೆಯಲ್ಲಿ ಈ ಕೆಲಸ ಸಾಗದು. ಪತಂಗವು ದೀಪವನ್ನು ಪ್ರೀತಿಸಿ ಬರುತ್ತದೆಂಬುದು ಕವಿಗಳ ಮಾತು. 2024ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಹಾರುವ ಕೀಟಗಳು ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತವೆ. ಆಕಾಶದ ಬೆಳಕಿನಲ್ಲಿ ಇದು ಅವುಗಳನ್ನು ನೆಟ್ಟಗೆ ಇರಿಸುತ್ತದೆ. ಬಲ್ಬಿನ ಬಳಿ ದಾರಿ ತಪ್ಪಿಸಿ ಸುತ್ತು ಹಾಕಿಸುತ್ತದೆ.

ಅಂಚೆಟ್ಟಿ, ಡೆಂಕಣಿಕೋಟೆಗಳ ಕಾಡಂಚಿನ ಊರುಗಳವರಿಗೆ ಒಂದು ಎಚ್ಚರಿಕೆ. ರಾಗಿ ತೆನೆ ಬಲಿಯುವ ಈ ಕಾಲದಲ್ಲಿ ಆನೆಗಳು ಹೊಲಕ್ಕೆ ಇಳಿಯುವುದರಿಂದ, ಪಂಚೆಯನ್ನು ಮನೆಯ ಮಾಳಿಗೆಯ ಮೇಲೆಯೇ ಕಟ್ಟಬೇಕು.

ಬಂದು ಕುಳಿತ ಪತಂಗದ ಮೀಸೆಯನ್ನು ಮೊದಲು ನೋಡಬೇಕು. ಚಿಟ್ಟೆಯ ಮೀಸೆಯ ತುದಿ ಗುಂಡಗಿರುತ್ತದೆ. ಪತಂಗದ್ದು ಸಾಮಾನ್ಯವಾಗಿ ದಾರದಂತೆ ಅಥವಾ ಗರಿಯಂತೆ ಇರುತ್ತದೆ. ಬಳಿಕ ರೆಕ್ಕೆಯ ಗುರುತುಗಳು. ಒಣಹುಲ್ಲಿನ ಬಣ್ಣದ ಮುಂರೆಕ್ಕೆಯಲ್ಲಿ ಮಸುಕಾದ ಕಪ್ಪು ಚುಕ್ಕೆ, ಬಿಳಿಚಿದ ಹಿಂರೆಕ್ಕೆಯ ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ ಇದ್ದರೆ ಅದು ಟೊಮೆಟೊ, ತೊಗರಿ, ಅವರೆಗಳನ್ನು ಕೊರೆಯುವ ಕಾಯಿಕೊರಕದ ಪತಂಗ. ಮಡಿಸಿದ ರೆಕ್ಕೆಗಳ ಮೇಲೆ ವಜ್ರಾಕಾರದ ಮೂರು ಗುರುತುಗಳಿರುವ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪತಂಗ ಎಲೆಕೋಸಿನ ಶತ್ರು. ಕಿತ್ತಳೆ ಬಣ್ಣದ ಹಿಂರೆಕ್ಕೆಯ ದೊಡ್ಡ ಪತಂಗವೊಂದು ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುತ್ತದೆ. ಅದರ ಮರಿಹುಳು ಬೆಳೆಯುವುದು ಅಮೃತಬಳ್ಳಿಯಲ್ಲಿ.

ಇವುಗಳ ನಡುವೆ ಹಸಿರು ಅಮೃತಶಿಲೆಯಂತೆ ಹೊಳೆಯುವ ಪತಂಗವೊಂದು ಕಂಡರೆ ಅದು ನಂದಿಬಟ್ಟಲು, ಕಣಗಿಲೆಗಳ ಎಲೆ ತಿಂದು ಬೆಳೆದದ್ದು. ಬೆನ್ನಿನ ಮೇಲೆ ತಲೆಬುರುಡೆಯ ಗುರುತುಳ್ಳ ಪತಂಗವನ್ನು ಕಂಡು ಯಾರೂ ಅಂಜಬೇಕಾಗಿಲ್ಲ. ಯುರೋಪಿನಲ್ಲಿ ಇದರ ಬಂಧುವನ್ನು ಮರಣದ ಶಕುನವೆಂದು ಬಗೆದಿದ್ದರು. ಹಿಡಿದರೆ ಇದು ಕೀಚೆಂದು ಕೂಗುತ್ತದೆ, ಜೇನುಗೂಡಿಗೆ ನುಗ್ಗಿ ಜೇನು ಕುಡಿಯುತ್ತದೆ. ಮನುಷ್ಯರಿಗೆ ಕಚ್ಚುವುದಿಲ್ಲ, ಕುಟುಕುವುದಿಲ್ಲ.

ನಮ್ಮ ಭಾಗದ ಅನೇಕ ಮನೆಗಳನ್ನು ಸಾಕಿದ ಪತಂಗವಂತೂ ಪಂಚೆಗೆ ಬರುವುದೇ ಇಲ್ಲ. ರೇಷ್ಮೆ ಪತಂಗವು ಸಾವಿರಾರು ವರ್ಷಗಳ ಸಾಕಣೆಯಲ್ಲಿ ಹಾರಾಟವನ್ನೇ ಮರೆತಿದೆ. ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂರಕ್ಷಣಾ ಕೇಂದ್ರವು ಹೊಸೂರಿನಲ್ಲಿಯೇ ಇರುವುದನ್ನು ಮಕ್ಕಳಿಗೆ ತಿಳಿಸಬಹುದು.

ಒಂದು ನೋಟುಪುಸ್ತಕದಲ್ಲಿ ದಿನಾಂಕ, ತಿಥಿ, ಮೋಡ, ಪತಂಗದ ಅಳತೆ ಮತ್ತು ಚಿತ್ರವನ್ನು ಮಕ್ಕಳೇ ಕನ್ನಡದಲ್ಲಿ ಬರೆಯಲಿ. ಹೆಸರು ತಿಳಿಯದಿದ್ದರೆ 'ಮಾತ್ಸ್ ಆಫ್ ಇಂಡಿಯಾ' ಜಾಲತಾಣದ ಚಿತ್ರಗಳೊಡನೆ ಹೋಲಿಸಬಹುದು. ಬಹುಪಾಲು ಪತಂಗಗಳಿಗೆ ಅಚ್ಚಾದ ಕನ್ನಡ ಹೆಸರಿಲ್ಲ. 'ಕಣಗಿಲೆ ಪತಂಗ', 'ಅಮೃತಬಳ್ಳಿ ಪತಂಗ' ಎಂದು ತಿನ್ನುವ ಗಿಡದಿಂದ ಹೆಸರಿಡುವುದೇ ನಮಗೆ ಸರಿಯೆನಿಸುತ್ತದೆ. ನೆರೆಮನೆಯ ಮಕ್ಕಳು ತಮಿಳಿನಲ್ಲಿ 'ಅಂದುಪ್ಪೂಚ್ಚಿ' ಎಂದರೆ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ. ರಾತ್ರಿ ಹತ್ತಕ್ಕೆ ದೀಪ ಆರಿಸಿ ಪಂಚೆಯನ್ನು ಮೆಲ್ಲನೆ ಗಿಡಗಳ ಕಡೆಗೆ ಒದರಬೇಕು. ಬೆಳಗಿನವರೆಗೆ ಅಲ್ಲಿಯೇ ಬಿಟ್ಟರೆ ಹಕ್ಕಿಗಳಿಗೆ ಸುಲಭದ ತುತ್ತಾಗುತ್ತವೆ.